ಟಿಕ್ ಟಿಕ್ ಅನ್ನದ ಗಡಿಯಾರ

ಹದಿನಾಲ್ಕನೇ ತಾರೀಕು, ಸೋಮವಾರ, ಬೆಳಿಗ್ಗೆ ಒಂಬತ್ತೂ ಹತ್ತು. ಇನ್‌ಸ್ಪೆಕ್ಟರ್ ಮೇಡಂ ಆಗಷ್ಟೇ ಬೂಟಿನ ಲೇಸು ಸಡಿಲ ಮಾಡಿ ಮೇಜಿನ ಕೆಳಗೆ ಕಾಲು ಚಾಚಿದ್ರು. ಮೂರು ವಾರದಿಂದ ಒಂದು ರಜೆ ಇಲ್ಲ. ಬಂದೋಬಸ್ತು ಮುಗಿಸಿ ಬಂದ್ರೆ ಫೈಲು, ಫೈಲು ಮುಗಿಸಿದ್ರೆ ಮತ್ತೆ ಬಂದೋಬಸ್ತು. ಪಾದ ಊದಿ ಊದಿ ಬೂಟಿಗೂ ತನಗೂ ಸಂಬಂಧವೇ ಇಲ್ಲ ಅನ್ನೋ ಹಾಗಾಗಿತ್ತು. ಟೀ ಬಂದಿತ್ತು. ಲೋಟ ಬಾಯಿ ಹತ್ರ ಹೋಗೋಷ್ಟರಲ್ಲಿ ಹೊರಗಡೆಯಿಂದ ದಫೇದಾರರ ದನಿ ಕೇಳಿಸ್ತು.

"ಒಂದು ಡಿಸ್ಕಿಗೆಲ್ಲಾ ಎಫ್‌ಐಆರ್ ಯಾಕಮ್ಮ? ಅಂಗಡೀಲಿ ಬೇಕಾದಷ್ಟು ಸಿಗುತ್ತೆ. ಹೊಸದು ತಗೊಂಡು ಮನೆಗೆ ಹೋಗಿ."

"ಅಂಗಡೀಲಿ ಸಿಗೋದು ಖಾಲಿ ಡಬ್ಬಿ ಸಾರ್. ನಮ್ಮನೆಯವರ ಧ್ವನಿ ಯಾವ ಅಂಗಡೀಲಿ ಸಿಗುತ್ತೆ ಹೇಳಿ, ಸೀದಾ ಅಲ್ಲಿಗೇ ಹೋಗ್ತೀನಿ."

ಮೇಡಂ ಲೋಟ ಕೆಳಗಿಟ್ರು. ಅವರ ದಿನಗಳು ಹಾಳಾಗ್ತಿದ್ದದ್ದು ಯಾವಾಗ್ಲೂ ಹೀಗೇ, ಯಾರೋ ಆಡಿದ ಒಂದು ನಿಜವಾದ ಮಾತಿಂದ. "ಒಳಗೆ ಕಳಿಸಿ ದಫೇದಾರ್ರೇ," ಅಂದ್ರು.

ಗಂಡ ಹೆಂಡತಿ ಬಂದ್ರು. ಹೆಂಗಸಿಗೆ ಐವತ್ತೈದರ ಸುಮಾರು, ಕೈಚೀಲವನ್ನ ಎದೆಗೆ ಅವಚಿಕೊಂಡಿದ್ರು. ಗಂಡ ಎತ್ತರದ ಆಳು, ಕುತ್ತಿಗೆಗೆ ತೆಳ್ಳನೆ ಬಟ್ಟೆ ಸುತ್ತಿಕೊಂಡು, ಕಂಕುಳಲ್ಲಿ ಮಕ್ಕಳ ಸ್ಲೇಟು ಇಟ್ಟುಕೊಂಡಿದ್ರು. ಕೂರೋವಾಗ ಬಟ್ಟೆಯ ಕೆಳಗಿಂದ ಗಾಳಿ ಸುಯ್ಯಂತ ಹೊರಗೆ ಬಂತು. ಗಂಟಲಲ್ಲಿ ತೂತು.

"ಇವರು ಯಾರು ಗೊತ್ತಾಯ್ತಾ ಮೇಡಂ?" ಅಂದ್ರು ಹೆಂಗಸು. "ಮುಖ ನೋಡಿದ್ರೆ ಗೊತ್ತಾಗಲ್ಲ ಬಿಡಿ. ಬಸ್ ನಿಲ್ದಾಣದಲ್ಲಿ 'ಪ್ರಯಾಣಿಕರ ಗಮನಕ್ಕೆ' ಅಂತಿದ್ದದ್ದು ಇವರೇ."

ಮೇಡಂ ತಲೆ ಎತ್ತಿ ನೋಡಿದ್ರು. ಆ ದನಿ ಗೊತ್ತಿಲ್ಲದವರು ಆ ಊರಲ್ಲಿ ಯಾರಿದ್ರು? ಬೆಲ್ ಆಗ್ತಿತ್ತು, ಟಿಂಗ್ ಟಾಂಗ್. ಆಮೇಲೆ ಒಂದೇ ಒಂದು ಉಸಿರಿನಷ್ಟು ಹೊತ್ತು ಮೌನ. ಆಮೇಲೆ ಆ ದನಿ, ಅವಸರವಿಲ್ಲದೆ, ಎಲ್ಲಿಗೆ ಹೋಗೋರನ್ನೂ ತಾನೇ ಕೈ ಹಿಡಿದು ಹತ್ತಿಸೋ ಹಾಗೆ. ಮೇಡಂ ಮೊದಲ ಪೋಸ್ಟಿಂಗಿಗೆ ಹೊರಟ ದಿನ ಬಸ್ ತೋರಿಸಿದ್ದೂ ಅದೇ ದನಿ. ನಿಲ್ದಾಣದವರು ಇವರನ್ನ 'ದೊಡ್ಡ ಮೈಕು' ಅಂತ ಕರೀತಿದ್ರು.

ಕತೆ ಇಷ್ಟೇ. ದೊಡ್ಡ ಮೈಕಿನವರ ಗಂಟಲಲ್ಲಿ ಗಡ್ಡೆ. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೀಬೇಕು ಅಂದ್ರು. ಆಸ್ಪತ್ರೆಯ ಮಾತಿನ ಡಾಕ್ಟರಮ್ಮ ಮಾತ್ರ ಒಂದು ದಾರಿ ಹೇಳಿದ್ರಂತೆ: ಆಪರೇಷನ್‌ಗೆ ಮೊದಲು ಸಾವಿರಾರು ವಾಕ್ಯ ಓದಿ ರೆಕಾರ್ಡ್ ಮಾಡಿಡಿ, ಆಮೇಲೆ ನೀವು ಟೈಪ್ ಮಾಡಿದ್ದನ್ನ ನಿಮ್ಮದೇ ದನೀಲಿ ಆಡೋ ಯಂತ್ರ ಮಾಡಿಕೊಡ್ತೀವಿ. ಹಾಗಾಗಿ ಮನೆಯ ಮುಂದಿನ ರೂಮಲ್ಲಿ ಕೂತು, ಗೋಡೆಗೆ ಹಾಸಿಗೆ ಒರಗಿಸಿ, ವಾರಗಟ್ಟಲೆ ಓದಿದ್ದೂ ಓದಿದ್ದೇ.

"ಎಲ್ಲಾ ಒಂದು ಎಕ್ಸ್‌ಟರ್ನಲ್ ಡಿಸ್ಕಲ್ಲಿ ಇತ್ತು. ಕಪ್ಪು ಡಬ್ಬಿ, ಅಂಗೈಯಗಲ. ಬರೋ ಶುಕ್ರವಾರ ಆಸ್ಪತ್ರೆಗೆ ಕೊಡಬೇಕು. ನಿನ್ನೆ ಸಂಜೆ ನೋಡ್ತೀನಿ, ಮೇಜಿನ ಮೇಲೆ ಇಲ್ಲ."

"ಇನ್ನೊಂದು ಕಾಪಿ?"

"ಮಾಡೋಕೆ ಹೋದ್ವಿ ಮೇಡಂ. ಅರ್ಧಕ್ಕೆ ನಿಂತುಬಿಡ್ತಿತ್ತು. ಡಬ್ಬಿ ಒಳಗೆ ಟಿಕ್ ಟಿಕ್ ಅನ್ನೋದು. ಮುಟ್ಟಬೇಡಿ, ಹಾಗೇ ತನ್ನಿ, ಇಲ್ಲಿ ನೋಡೋಣ ಅಂದಿದ್ರು ಆಸ್ಪತ್ರೆಯವರು."

"ಈ ವಿಷಯ ಯಾರ್ಯಾರಿಗೆ ಗೊತ್ತಿತ್ತು?"

"ಯಂತ್ರದ ವಿಷಯ ಯಾರಿಗೂ ಹೇಳಿರಲಿಲ್ಲ. ಇವರೇ ಬೇಡ ಅಂದ್ರು. ಆಗದೆ ಹೋದ್ರೆ ನಾಲ್ಕು ಜನರ ಮುಂದೆ ನಗೆಪಾಟಲು ಅಂತ."

"ನಿನ್ನೆ ಮನೆಗೆ ಯಾರು ಬಂದಿದ್ರು ಸಾರ್?" ಅಂತ ಮೇಡಂ ಸೀದಾ ಅವರನ್ನೇ ಕೇಳಿದ್ರು.

ದೊಡ್ಡ ಮೈಕಿನವರು ಬಳಪವನ್ನ ಬೆರಳ ನಡುವೆ ತಿರುಗಿಸಿದ್ರು. ಆಮೇಲೆ ಬರೆದ್ರು: ಯಾರೂ ಇಲ್ಲ.

ಹೆಂಡತಿ ಸ್ಲೇಟು ನೋಡಿ ಗಂಡನ ಕಡೆ ತಿರುಗಿದ್ರು. "ಯಾರೂ ಇಲ್ಲ ಅಂದ್ರೆ? ನರ್ಸಮ್ಮ ಬಂದಿದ್ಲು. ನನ್ನ ತಮ್ಮ ಬಂದು ಅವನ ಲ್ಯಾಪ್‌ಟಾಪು ತಗೊಂಡು ಹೋದ. ನೀರಿನ ಫಿಲ್ಟರು ರಿಪೇರಿಯವನು ಬಂದಿದ್ದ. ನಮ್ಮ ಹುಡುಗ ಹಣ್ಣು ತಂದಿದ್ದ. ನಿಮಗೆ ಗಂಟಲು ಹೋಗಿದ್ದು ಸರಿ, ಕಣ್ಣೂ ಹೋಯ್ತಾ?"

"ನಮ್ಮ ಹುಡುಗ ಅಂದ್ರೆ?"

"ಇವರ ಶಿಷ್ಯ ಮೇಡಂ. ಈಗ ಇವರ ಕುರ್ಚೀಲಿ ಕೂತು ಅನೌನ್ಸ್ ಮಾಡ್ತಾನಲ್ಲ, ಸಣ್ಣ ಮೈಕು ಅಂತಾರೆ. ಭಾನುವಾರ ಬಂತು ಅಂದ್ರೆ ತಪ್ಪದೆ ಬರ್ತಾನೆ. ಇವತ್ತು ಬೆಳಿಗ್ಗೆ ಫೋನ್ ಮಾಡಿ ಡಬ್ಬಿ ನೋಡಿದ್ಯೇನಪ್ಪ ಅಂತ ಕೇಳಿದೆ. ಅಳು ತಡೆಯೋಕಾಗದೆ ಆಸ್ಪತ್ರೆ, ಯಂತ್ರ ಎಲ್ಲಾ ಹೇಳಿಬಿಟ್ಟೆ. ಪಾಪ, ಆಮೇಲೆ ಮಾಡ್ತೀನಿ ಅಕ್ಕ ಅಂತ ಫೋನ್ ಇಟ್ಟುಬಿಟ್ಟ."

ಎಫ್‌ಐಆರ್ ಆಯ್ತು. ಕಳವು. ವಸ್ತುವಿನ ವಿವರ: ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಒಂದು. ಮೌಲ್ಯ ಅನ್ನೋ ಕಾಲಮ್ಮಿನ ಹತ್ರ ಪೆನ್ನು ನಿಲ್ಲಿಸಿ ರೈಟರು ಮೇಡಂ ಮುಖ ನೋಡಿದ.

"ಅಂಗಡಿ ರೇಟು ಹಾಕಿಕೊಳ್ಳಿ," ಅಂದ್ರು ಮೇಡಂ. ಟೀ ಆರಿ ಹೋಗಿತ್ತು. ಆದ್ರೂ ಕುಡಿದ್ರು.

ಮಧ್ಯಾಹ್ನ ಸ್ಥಳ ಪಂಚನಾಮೆ. ಜೊತೆಗೆ ದಫೇದಾರರು, ಮತ್ತೆ ಕಾನ್‌ಸ್ಟೇಬಲ್ 'ಚಾರ್ಜರ್'. ಜೇಬಲ್ಲಿ ಯಾವಾಗ್ಲೂ ಮೂರು ಥರದ ವೈರು ಸುತ್ತಿಟ್ಟುಕೊಂಡಿರ್ತಿದ್ದ ಅಂತ ಠಾಣೆಯಲ್ಲಿ ಅವನಿಗೆ ಆ ಹೆಸರು. ಅವನ ಮದುವೆ ಪತ್ರಿಕೆ ಬಂದಾಗ ಇದು ಯಾರ ಮದುವೆ ಅಂತ ದಫೇದಾರರು ಕೇಳಿದ್ರಂತೆ.

ಬೀಗ ಮುರಿದಿಲ್ಲ, ಕಿಟಕಿ ಸರಳು ಗಟ್ಟಿಯಾಗಿದೆ. ಹಾಸಿಗೆ ಇನ್ನೂ ಗೋಡೆಗೆ ಒರಗೇ ಇತ್ತು. ಮೇಜಿನ ಮೇಲೆ ಮೈಕು, ಅದರ ಪಕ್ಕದಲ್ಲಿ ಡಿಸ್ಕಿನಷ್ಟಗಲ ಧೂಳಿಲ್ಲದ ಜಾಗ. ಪಂಚರಾಗಿ ಬಂದ ಪಕ್ಕದ ಮನೆಯವರಿಬ್ಬರು ಆ ಖಾಲಿ ಜಾಗಕ್ಕೇ ಸಾಕ್ಷಿ ಹಾಕಿದ ಹಾಗೆ ಸಹಿ ಹಾಕಿದ್ರು.

ನರ್ಸಮ್ಮನ ವಿಚಾರಣೆ ದಫೇದಾರರದ್ದು. ಅವರದ್ದೊಂದೇ ಪದ್ಧತಿ. ಒಂದು ಪ್ರಶ್ನೆ ಹಿಡಿದ್ರೆ ಬಾಗಿಲು ಬಡಿದ ಹಾಗೆ ಅದನ್ನೇ ಬಡೀತಾ ಇರೋದು.

"ಡಿಸ್ಕ್ ಎಲ್ಲಿ?"

"ಗೊತ್ತಿಲ್ಲ ಸಾರ್."

"ಡಿಸ್ಕ್ ಎಲ್ಲಮ್ಮಾ?"

"ಸಾರ್, ಗೊತ್ತಿಲ್ಲ."

"ಕೊನೇ ಸಲ ಕೇಳ್ತಿದ್ದೀನಿ, ಡಿಸ್ಕ್ ಎಲ್ಲಿ?"

"ನೀವು ಕೊನೇ ಸಲ ಅಂದಿದ್ದು ಇದು ನಾಲ್ಕನೇ ಸಲ," ಅಂದ್ಲು ನರ್ಸು. "ನೀವು ಕೇಳಿದಷ್ಟೂ ನನಗೆ ಗೊತ್ತಿರೋದೂ ಮರೆತು ಹೋಗ್ತಿದೆ. ನಾನು ಡ್ರೆಸ್ಸಿಂಗ್ ಮುಗಿಸಿ ಹೊರಡುವಾಗ ಡಬ್ಬಿ ಮೇಜಿನ ಮೇಲೇ ಇತ್ತು. ಇಷ್ಟೇ."

ಅಲ್ಲಿಗೆ ಉಳಿದದ್ದು ಮೂರು ಜನ. ಮಂಗಳವಾರ ಪೂರ್ತಿ ಭಾವಮೈದ ಮತ್ತು ಫಿಲ್ಟರು ರಿಪೇರಿಯವನ ಹಿಂದೆ ಹೋಯ್ತು. ಭಾವಮೈದ ತನ್ನ ಲ್ಯಾಪ್‌ಟಾಪಿನ ಚೀಲವನ್ನ ಮೇಜಿನ ಮೇಲೆ ಸುರಿದು ತೋರಿಸಿದ. ಫಿಲ್ಟರಿನವನು ಅಡುಗೆಮನೆಯಿಂದ ಆಚೆ ಕಾಲಿಟ್ಟಿರಲಿಲ್ಲ. ಮನೆಯಮ್ಮನೇ ಅವನ ಪಕ್ಕ ನಿಂತು ಪಾತ್ರೆ ಹಿಡಿದುಕೊಂಡಿದ್ರು. ಹಳೇ ಕಂಪ್ಯೂಟರ್ ಮಾರೋ ಅಂಗಡಿಗಳ ಸಾಲನ್ನ ಚಾರ್ಜರ್ ಒಂದೊಂದಾಗಿ ಜಾಲಾಡಿ ಬಂದ. ಡಬ್ಬಿ ಇಲ್ಲ.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಮೇಡಂ ಮತ್ತು ಚಾರ್ಜರ್ ಬಸ್ ನಿಲ್ದಾಣಕ್ಕೆ ಹೋದ್ರು. ಜನವೋ ಜನ. ಡೀಸೆಲ್ ಹೊಗೆ, ಮೂಟೆ, ಮಕ್ಕಳು, ಕಡಲೆಕಾಯಿ ಸಿಪ್ಪೆ. ಟಿಂಗ್ ಟಾಂಗ್ ಅಂತ ಬೆಲ್ ಆಯ್ತು. ಎಲ್ಲರೂ ತಲೆ ಎತ್ತಿದ್ರು. ದನಿ ಬರಲಿಲ್ಲ. ಒಂದು ಉಸಿರು, ಎರಡು ಉಸಿರು, ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡ್ರು. ಕೊನೆಗೆ ದನಿ ಬರೋಷ್ಟರಲ್ಲಿ ಬಸ್ಸು ಚಲಿಸೋಕೆ ಶುರುವಾಗಿತ್ತು. ಹೆಂಗಸೊಬ್ಬರು ಮಗುವನ್ನ ಸೊಂಟಕ್ಕೆ ಹಾಕಿಕೊಂಡು ಓಡಿದ್ರು.

"ಎರಡು ದಿನದಿಂದ ಇದೇ ಗೋಳು," ಅಂದ ಪಕ್ಕದಲ್ಲಿದ್ದ ಮೂಟೆಯವನು. "ಬೆಲ್ ಹೊಡೀತಾನೆ, ಆಮೇಲೆ ಯೋಚನೆ ಮಾಡ್ತಾನೆ. ಅಳಿಯನ್ನ ಊಟಕ್ಕೆ ಕರೆದು ಅಕ್ಕಿ ತರೋಕೆ ಹೋದ ಹಾಗೆ."

ಅನೌನ್ಸರ್ ರೂಮು ಅಂದ್ರೆ ಮೂರು ಕಡೆ ಗಾಜಿನ ಗೂಡು. ಒಂದು ಹಳೇ ಕಂಪ್ಯೂಟರ್, ಒಂದು ಮೈಕು, ಗೋಡೆ ಮೇಲೆ ಗಡಿಯಾರ. ಸಣ್ಣ ಮೈಕು ಎದ್ದು ನಿಂತ. ಮೂವತ್ತೆರಡು ಮೂವತ್ಮೂರರ ಆಳು, ಗಡ್ಡ ಬೋಳಿಸಿಲ್ಲ, ಕಣ್ಣು ಕೆಂಪಗೆ. ಎದ್ದು ನಿಂತರೂ ಪರದೆ ಅವರಿಗೆ ಕಾಣದ ಹಾಗೆ ನಿಂತ.

"ಭಾನುವಾರ ಹೋಗಿದ್ಯಾ?"

"ಹೋಗಿದ್ದೆ ಮೇಡಂ. ಹಣ್ಣು ಕೊಟ್ಟೆ. ಗುರುಗಳು ಮಲಗಿದ್ರು. ಬಂದೆ."

"ಮೇಜಿನ ಮೇಲೆ ಡಬ್ಬಿ ನೋಡಿದ್ಯಾ?"

"ಇಲ್ಲ ಮೇಡಂ."

"ಅನೌನ್ಸ್‌ಮೆಂಟ್ ಯಾಕೆ ತಡ ಆಗ್ತಿದೆ?"

"ಕಂಪ್ಯೂಟರ್ ಹಳೇದು ಮೇಡಂ. ಬೆಲ್ ಒತ್ತಿದ್ರೆ ಯಾವ ಬಸ್ಸು, ಯಾವ ಪ್ಲಾಟ್‌ಫಾರ್ಮು ಅಂತ ಪರದೆ ಮೇಲೆ ಸಾಲು ಬರಬೇಕು. ಬರೋದೇ ಇಲ್ಲ, ಚಕ್ರ ಸುತ್ತುತ್ತಾ ಇರುತ್ತೆ."

ಟಿಕ್ ಟಿಕ್ ಅಂತ ಗಡಿಯಾರದ ಸದ್ದಿನ ನಡುವೆ ಮೇಡಂ ಅವನ ಹೇಳಿಕೆ ಬರೆಸಿಕೊಂಡ್ರು. ಬೇರೆ ಏನೂ ಹೊಳೀಲಿಲ್ಲ. ಕಾಲು ನೋಯ್ತಿತ್ತು, ತಲೆ ಖಾಲಿ ಮಡಕೆ ಹಾಗಿತ್ತು. ಹೊರಗೆ ಬರೋವಾಗ ನಿಲ್ದಾಣದ ಮ್ಯಾನೇಜರು ಅಡ್ಡ ಸಿಕ್ಕಿ, ಪೊಲೀಸರ ಮುಂದೆ ಹೆಚ್ಚುಗಾರಿಕೆ ತೋರಿಸೋ ಉತ್ಸಾಹದಲ್ಲಿ, "ಈ ತೊಂದರೆ ಇನ್ನು ಸ್ವಲ್ಪ ದಿನ ಅಷ್ಟೇ ಮೇಡಂ. ಯಂತ್ರವೇ ಅನೌನ್ಸ್ ಮಾಡೋ ಹಾಗೆ ಮಾಡ್ತಿದ್ದೀವಿ. ದೊಡ್ಡ ಮೈಕಿನವರದ್ದೇ ದನಿ," ಅಂದ್ರು.

"ಅವರು ಒಪ್ಪಿದ್ದಾರಾ?"

"ಒಪ್ಪದೆ ಏನು? ಮನೇಲಿ ಕೂತು ರೆಕಾರ್ಡ್ ಮಾಡ್ತಿದ್ರಂತಲ್ಲ, ಇನ್ಯಾಕೆ?"

ಮೇಡಂ ಜೀಪು ಹತ್ತಿದ ಮೇಲೂ ಆ ಮಾತು ಹಲ್ಲಿನ ಸಂದೀಲಿ ಸಿಕ್ಕಿದ ನಾರಿನ ಹಾಗೆ ಕಾಡ್ತಿತ್ತು.

ಕಳುವಾದ ಡಿಸ್ಕನ್ನ ಯಾರಾದ್ರೂ ಕಂಪ್ಯೂಟರಿಗೆ ಹಾಕಿದ್ರೆ ಗೊತ್ತಾಗುತ್ತಾ ಅಂತ ಕೇಳೋಕೆ ಅಲ್ಲಿಂದ ಸೀದಾ ಇಲಾಖೆಯ ಸೈಬರ್ ಲ್ಯಾಬಿಗೆ ಹೋದ್ರು. ಮಧ್ಯಾಹ್ನ ಹನ್ನೆರಡೂವರೆ. ಲ್ಯಾಬಿನ ಎಂಜಿನಿಯರು ಕನ್ನಡಕವನ್ನ ಹಣೆ ಮೇಲೆ ಇಟ್ಟುಕೊಂಡು ಅದನ್ನೇ ಹುಡುಕ್ತಾ ಇದ್ರು.

"ಹಣೆ ಮೇಲಿದೆ," ಅಂದ್ರು ಮೇಡಂ, ಕುರ್ಚೀಲಿ ಕುಸೀತಾ.

"ನೋಡಿ, ಪೊಲೀಸ್ರು ಅಂದ್ರೆ ಹೀಗಿರಬೇಕು." ಅವರು ಕನ್ನಡಕ ಇಳಿಸಿಕೊಂಡ್ರು. "ಕೂರೋಷ್ಟರಲ್ಲೇ ಕೇಸು ಇತ್ಯರ್ಥ."

ಅವರ ಮೇಜಿನ ಮೇಲೆ ಯಾವುದೋ ಬೇರೆ ಕೇಸಿನ ಡಿಸ್ಕು ಬಿಚ್ಚಿಕೊಂಡು ಬಿದ್ದಿತ್ತು. ಟಿಕ್. ಟಿಕ್. ಸ್ವಲ್ಪ ಬಿಟ್ಟು ಟಿಕ್. ಪಕ್ಕದ ಕಂಪ್ಯೂಟರಿನ ಪರದೆ ಕಲ್ಲಾಗಿ ಕೂತಿತ್ತು, ಒಂದು ಪುಟ್ಟ ಚಕ್ರ ಮಾತ್ರ ಸುತ್ತುತ್ತಿತ್ತು.

"ಇದೇನಾಗ್ತಿದೆ?" ಅಂದ್ರು ಮೇಡಂ.

"ಸಾಯ್ತಾ ಇದೆ," ಅಂದ್ರು ಎಂಜಿನಿಯರು ಆರಾಮಾಗಿ. "ಒಳಗೆ ತಿರುಗೋ ತಟ್ಟೆ, ಅದರ ಮೇಲೆ ಓದೋ ಮುಳ್ಳು ಇರುತ್ತೆ. ಒಂದು ಜಾಗ ಓದೋಕಾಗದೆ ಇದ್ರೆ ಡಿಸ್ಕು ಮೊದಲು ಯಾರಿಗೂ ಹೇಳದೆ ತಾನೇ ಮತ್ತೆ ಮತ್ತೆ ಪ್ರಯತ್ನ ಪಡುತ್ತೆ. ಮರ್ಯಾದಸ್ಥರು ಸಾಲ ಮುಚ್ಚಿಟ್ಟ ಹಾಗೆ. ಈ ಕಡೆ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮು ಉತ್ತರಕ್ಕೆ ಕಾಯುತ್ತೆ. ಕಾದು ಕಾದು ಸಾಕಾಗಿ, ಇದು ಸತ್ತಿದೆಯೋ ಏನೋ ಅಂತ ಒಂದು ಸಲ ಸಂಪರ್ಕ ಕಡಿದು ಮತ್ತೆ ಹೊಂದಿಸಿ, ಅದೇ ಪ್ರಶ್ನೆ ಕೇಳುತ್ತೆ. ಮತ್ತೆ ಕಾಯುತ್ತೆ. ಕೊನೆಗೆ 'ಓದಲಾಗಲಿಲ್ಲ' ಅಂತ ಒಂದು ಸಾಲು ಹೇಳಿ ಕೈ ತೊಳ್ಕೊಳ್ಳುತ್ತೆ."

"ಅಲ್ಲೀವರೆಗೂ?"

"ಅದರ ಹಿಂದೆ ಕ್ಯೂ ನಿಂತಿರೋ ಕೆಲಸವೆಲ್ಲ ನಿಂತಲ್ಲೇ. ಒಳ್ಳೇ ಮೆಷೀನಾದ್ರೆ ಬೇರೆ ಕೆಲಸ ನಡೆಸಿಕೊಳ್ಳುತ್ತೆ. ಹಳೇದಾದ್ರೆ ಪೂರ್ತಿ ಕಲ್ಲು. ನಮ್ಮ ದಫೇದಾರರ ವಿಚಾರಣೆ ಇದ್ದ ಹಾಗೆ ಅಂದ್ಕೊಳ್ಳಿ. ಒಂದೇ ಪ್ರಶ್ನೆ ಬಡಿದಷ್ಟೂ ಒಳಗಿನ ಮುಳ್ಳು ತಟ್ಟೇನ ಇನ್ನಷ್ಟು ಕೆರೆಯುತ್ತೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. 'ಡಿಸ್ಕಲ್ಲಿ ತೊಂದರೆ ಇದೆ, ಸರಿಪಡಿಸಲೇ?' ಅಂತ ಕೇಳುತ್ತೆ. ಪಾಪ, ಜನ ಹೂಂ ಅಂತಾರೆ. ಉಸಿರು ಕಟ್ಟಿ ಬಿದ್ದವನಿಗೆ ಎದ್ದು ಮನೆ ಗುಡಿಸು ಅಂದ ಹಾಗೆ. ಉಳಿದಿದ್ದೂ ಹೋಗುತ್ತೆ."

"ಮತ್ತೆ ನೀವು ಹೇಗೆ ತೆಗೀತೀರಿ?"

"ಸಿಕ್ಕಿಕೊಂಡ ಜಾಗ ಬಿಟ್ಟುಬಿಡ್ತೀವಿ. ಸುಲಭವಾಗಿ ಕೊಡೋದನ್ನ ಮೊದಲು ಇಸ್ಕೊಂಡು ಇನ್ನೊಂದು ಡಿಸ್ಕಲ್ಲಿ ಭದ್ರ ಮಾಡೋದು. ಹಟ ಮಾಡೋ ಜಾಗಕ್ಕೆ ಕೊನೇಲಿ ವಾಪಸ್ ಬರೋದು, ಮೆಲ್ಲಗೆ, ಆ ಕಡೆಯಿಂದ ಈ ಕಡೆಯಿಂದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ."

ಟಿಕ್. ಟಿಕ್.

ಮೇಡಂ ಕಣ್ಣು ಮುಚ್ಚಿಕೊಂಡು ಕೂತಿದ್ರು. ನಿದ್ದೆ ಹೋದ್ರು ಅಂತಲೇ ಚಾರ್ಜರ್ ಅಂದುಕೊಂಡಿದ್ದ.

"ಚಾರ್ಜರ್," ಅಂದ್ರು ಕಣ್ಣು ಬಿಡದೆ. "ಆ ಗಾಜಿನ ಗೂಡಲ್ಲಿ ಗಡಿಯಾರ ಹೇಗಿತ್ತು?"

"ಕೆಂಪು ಲೈಟಿನ ನಂಬರು ಬರುತ್ತಲ್ಲ ಮೇಡಂ, ಅದು."

"ಮುಳ್ಳಿಲ್ಲ?"

"ಮುಳ್ಳಿಲ್ಲ."

"ಮತ್ತೆ ಟಿಕ್ ಟಿಕ್ ಅಂತಿದ್ದದ್ದು ಏನೋ?"

ಚಾರ್ಜರ್ ಮೇಜಿನ ಮೇಲಿನ ಡಿಸ್ಕಿನ ಕಡೆ ತಿರುಗಿ ನೋಡಿದ.

"ಎದ್ದೇಳಿ ಸಾರ್," ಅಂದ್ರು ಮೇಡಂ ಎಂಜಿನಿಯರಿಗೆ. "ಒಬ್ಬ ಮನುಷ್ಯನ ಗಂಟಲು ಕೆರೀತಾ ಇದೆ."

ದಾರಿಯುದ್ದಕ್ಕೂ ಟ್ರಾಫಿಕ್ಕು. ಸೈರನ್ ಬೇಡ ಅಂದ್ರು ಮೇಡಂ, ಗಾಬರಿಯಾಗಿ ವೈರು ಕಿತ್ತುಬಿಟ್ರೆ ಕಷ್ಟ. ಜೀಪು ಎತ್ತಿನ ಗಾಡಿ ಹಾಗೆ ಹೋಯ್ತು. ಎಂಜಿನಿಯರು ತಮ್ಮ ಪೆಟ್ಟಿಗೆ ತೊಡೆ ಮೇಲಿಟ್ಟುಕೊಂಡು, "ಎರಡು ದಿನದಿಂದ ತಿರುಗ್ತಿದ್ರೆ ಎಷ್ಟು ಉಳಿದಿರುತ್ತೋ ಹೇಳಕ್ಕಾಗಲ್ಲ," ಅಂತ ಹೇಳಿದ್ದನ್ನೇ ಹೇಳ್ತಿದ್ರು. ಮೇಡಂ ತಮ್ಮ ಮೊಣಕಾಲನ್ನೇ ನೋಡ್ತಾ ಕೂತಿದ್ರು. ಶುಕ್ರವಾರಕ್ಕೆ ಒಂದೇ ದಿನ ಮಧ್ಯ. ಆ ಹೆಂಗಸು ಕೈಚೀಲ ಅವಚಿಕೊಂಡು ಕೂತಿದ್ದ ರೀತಿ ಕಣ್ಣ ಮುಂದಿಂದ ಹೋಗ್ತಿರಲಿಲ್ಲ.

ಎರಡು ಗಂಟೆಗೆ ನಿಲ್ದಾಣ. ಮೂಟೆ ಹೊರೋರ ಮಧ್ಯೆ ದಾರಿ ಮಾಡಿಕೊಂಡು ಮೇಡಂ ಒಬ್ಬರೇ ಗೂಡಿನ ಹಿಂದಿನ ಬಾಗಿಲಿಗೆ ಹೋಗಿ ಸದ್ದಿಲ್ಲದೆ ತೆರೆದ್ರು. ಕಂಪ್ಯೂಟರಿನ ಹಿಂದೆ, ಕೈವಸ್ತ್ರದ ಕೆಳಗೆ, ಕಪ್ಪು ಡಬ್ಬಿ. ಪರದೆ ಮೇಲೆ ಒಂದು ಚೌಕ: ಈ ಡಿಸ್ಕಿನಲ್ಲಿ ದೋಷವಿದೆ, ಸರಿಪಡಿಸಬೇಕೆ? ಕೆಳಗೆ ಹೌದು, ಬೇಡ. ಸಣ್ಣ ಮೈಕಿನ ಕೈ ಮೌಸ್ ಮೇಲೆ, ಬಾಣದ ಗುರುತು ಹೌದು ಅನ್ನೋದರ ನೆತ್ತಿ ಮೇಲಿತ್ತು.

"ಒತ್ತಬೇಡಪ್ಪ," ಅಂದ್ರು ಮೇಡಂ, ಮಗುವಿನ ಕೈಯಿಂದ ಗಾಜಿನ ಲೋಟ ಇಸ್ಕೊಳ್ಳೋ ದನೀಲಿ. "ಒತ್ತಿದ್ರೆ ನಿಮ್ಮ ಗುರುಗಳು ಪೂರ್ತಿ ಹೋಗ್ತಾರೆ."

ಅವನು ತಿರುಗಲಿಲ್ಲ. "ಸರಿಪಡಿಸ್ತೀನಿ ಅಂತ ಕೇಳ್ತಿದೆ ಮೇಡಂ."

"ಸುಳ್ಳು ಹೇಳುತ್ತೆ. ಕೈ ತೆಗಿ."

ಕೈ ತೆಗೆದ. ಎಂಜಿನಿಯರು ಒಳಗೆ ಬಂದು, ಡಬ್ಬಿಗೆ ಕಿವಿಯಿಟ್ಟು, ಸದ್ದು ನಿಂತ ಸಮಯ ನೋಡಿ ಮೆಷೀನು ಆರಿಸಿದ್ರು. ಇಬ್ಬರು ಕಂಡಕ್ಟರುಗಳನ್ನ ಪಂಚರಾಗಿ ಕರೆಸಿ ಜಪ್ತಿ ಪಂಚನಾಮೆ ಆಯ್ತು. ಡಿಸ್ಕು ಒಂದು, ಮೂಲೆ ತಗ್ಗಾಗಿದೆ. ಕಂಪ್ಯೂಟರು ಒಂದು.

ಅಷ್ಟೊತ್ತಿಗೆ ದಫೇದಾರರೂ ಬಂದು ಸೇರಿದ್ರು. "ಗುರುವಿಗೇ ತಿರುಮಂತ್ರ ಹಾಕಿದ್ಯಲ್ಲೋ! ಯಾಕೋ ಕದ್ದೆ?"

ಸಣ್ಣ ಮೈಕು ನೆಲ ನೋಡಿದ.

"ಯಾಕೆ ಕದ್ದೆ ಅಂತ ಕೇಳಿದ್ದು!"

ಸಣ್ಣ ಮೈಕು ಕೈವಸ್ತ್ರ ಮಡಿಸಿದ.

"ಬೊಗಳೋ, ಯಾಕೆ..."

"ಅಲ್ಲಿ ಸಿಕ್ಕಿಕೊಂಡಿದೆ ದಫೇದಾರ್ರೇ," ಅಂದ್ರು ಮೇಡಂ. "ಬಿಡಿ ಅದನ್ನ. ಆಮೇಲೆ ವಾಪಸ್ ಬರೋಣ." ಮೂಲೆಯಲ್ಲಿದ್ದ ಸ್ಟೂಲು ಎಳೆದುಕೊಂಡು ಅವನ ಎದುರು ಕೂತ್ರು. "ಊಟ ಆಯ್ತಾ?"

"ಇಲ್ಲ ಮೇಡಂ."

"ಮನೇಲಿ ಯಾರ್ಯಾರು?"

"ಹೆಂಡ್ತಿ. ಮಗಳು. ಒಂದನೇ ಕ್ಲಾಸು."

"ಮಗಳೂ ನಿನ್ನ ಹಾಗೆ ಅನೌನ್ಸ್ ಮಾಡ್ತಾಳಾ?"

ಅವನ ತುಟಿ ಕೊಂಕಿತು. "ಮಾಡ್ತಾಳೆ. ಅವರಮ್ಮ ಅಡುಗೆಮನೆಯಿಂದ ಹೊರಡೋದು, ಬಚ್ಚಲಿಗೆ ತಲುಪೋದು, ಎಲ್ಲಾ."

"ಡಬ್ಬಿ ಮೂಲೆ ಯಾಕೆ ತಗ್ಗಾಗಿದೆ?"

"ಭಾನುವಾರ ಬೈಕಲ್ಲಿ ಬರ್ತಾ ರೋಡ್ ಹಂಪ್ ಮೇಲೆ ಎಗರಿ ಜೇಬಿಂದ ಬಿತ್ತು."

"ಇಲ್ಲಿ ಯಾಕೆ ಹಾಕಿದೆ?"

"ಮನೇಲಿ ಕಂಪ್ಯೂಟರ್ ಇಲ್ಲ. ಸೋಮವಾರ ಗುರುಗಳ ಮನೆ ಅಕ್ಕ ಫೋನ್ ಮಾಡಿ ಅತ್ತಾಗ... ಆಸ್ಪತ್ರೆದು ಅಂತ ನನಗೆ ಗೊತ್ತಿರಲಿಲ್ಲ ಮೇಡಂ, ದೇವರಾಣೆ. ಅವತ್ತೇ ವಾಪಸ್ ಕೊಡೋಣ ಅಂತ ಮೊದಲು ಹಾಕಿ ನೋಡಿದೆ. ತೆರೀಲಿಲ್ಲ. ನಾನು ಬೀಳಿಸಿದ್ದಕ್ಕೇ ಕೆಟ್ಟಿದ್ದು ಅಂದುಕೊಂಡೆ. ಕೆಟ್ಟಿದ್ದನ್ನ ಹಿಡಿದು ಆ ಬಾಗಿಲಿಗೆ ಹೋಗೋಕೆ ನನಗೆ ಮುಖ ಎಲ್ಲಿದೆ? ಹೇಗಾದ್ರೂ ಕಾಪಿ ತೆಗೆದು, ದನಿ ಪೂರ್ತಿ ಇದೆ ಅಂತ ನೋಡಿಯೇ ಕೊಡೋಣ ಅಂತ. ನಿಂತಾಗೆಲ್ಲ ಮತ್ತೆ ಒತ್ತಿದೆ. ನಿಂತಾಗೆಲ್ಲ ಮತ್ತೆ ಒತ್ತಿದೆ."

ಮೇಡಂ ಬೂಟಿನ ಲೇಸು ಸಡಿಲ ಮಾಡಿಕೊಂಡ್ರು. ಗಾಜಿನಾಚೆ ಒಂದು ಬಸ್ಸು ಹಿಂದೆ ಹಿಂದೆ ಬಂದು ಪ್ಲಾಟ್‌ಫಾರ್ಮಿಗೆ ನಿಂತಿತು. ಈಗ ಅವರು ಮೊದಲಿನ ಪ್ರಶ್ನೆಗೆ ವಾಪಸ್ ಬರಲೇ ಇಲ್ಲ. ಅದೇ ತಾನಾಗಿ ಬಂತು.

"ಮ್ಯಾನೇಜರು ಹೇಳಿದ್ರು ಮೇಡಂ. ಮುಂದಿನ ತಿಂಗಳಿಂದ ಯಂತ್ರ ಮಾತಾಡುತ್ತೆ, ನಿಮ್ಮ ಗುರುಗಳೇ ರೆಕಾರ್ಡ್ ಮಾಡಿಕೊಡ್ತಿದ್ದಾರೆ, ನೀನು ಬೇರೆ ಕಡೆ ನೋಡ್ಕೋ ಅಂತ. ಬೇರೆ ಯಾರಾದ್ರೂ ಹೊಟ್ಟೆ ಮೇಲೆ ಹೊಡೆದಿದ್ರೆ ಸಹಿಸ್ತಿದ್ದೆ. ಈ ಕುರ್ಚೀಲಿ ಕೂರಿಸಿದವರೇ ಎಬ್ಬಿಸ್ತಾರೆ ಅಂದ್ರೆ... ಭಾನುವಾರ ಹೋದೆ. ಕೇಳೋಣ ಅಂತಲೇ ಹೋದೆ. ಮಲಗಿದ್ರು. ಮೈಕು, ಡಬ್ಬಿ ಕಣ್ಣಿಗೆ ಬಿತ್ತು. ಸ್ವಲ್ಪ ದಿನ ಬಚ್ಚಿಟ್ರೆ ಮ್ಯಾನೇಜರು ಈ ಯೋಚನೆ ಬಿಡ್ತಾನೇನೋ ಅಂತ ಎತ್ತಿಕೊಂಡೆ."

ದಸ್ತಗಿರಿ ಪತ್ರಕ್ಕೆ ಸಹಿ ಹಾಕಿಸಿದಾಗ ಮೂರೂ ಹತ್ತು. ಹೆಂಡತಿಗೆ ಫೋನ್ ಮಾಡಿ ತಿಳಿಸಿದ್ದೂ ಆಯ್ತು. ಎದ್ದು ನಿಂತವನು ಗಾಜಿನಾಚೆ ನೋಡಿದ. ಆ ಬಸ್ಸಿನ ಎಂಜಿನ್ನು ಶುರುವಾಗಿತ್ತು, ಜನ ಗೊತ್ತಾಗದೆ ಅಲ್ಲಿ ಇಲ್ಲಿ ನಿಂತಿದ್ರು.

"ಮೇಡಂ, ಇದೊಂದು ಹೇಳಿ ಬರ್ಲಾ?"

"ಪರದೆ ಇಲ್ವಲ್ಲೋ," ಅಂದ ಚಾರ್ಜರ್.

"ಬಸ್ಸು ಕಾಣ್ತಿದೆಯಲ್ಲ ಸಾರ್."

ಮೇಡಂ ತಲೆ ಆಡಿಸಿದ್ರು. ಮೆಷೀನು ಆರಿಸಿದ್ದಕ್ಕೆ ಬೆಲ್ಲೂ ಇರಲಿಲ್ಲ. ಮೈಕು ಹಿಡಿದು, ಕಣ್ಣಿಗೆ ಕಂಡಿದ್ದನ್ನ ಅವಸರವಸರವಾಗಿ, ಪದಗಳ ಬಾಲ ನುಂಗುತ್ತಾ ಹೇಳಿ ಮುಗಿಸಿದ. ಜನ ಓಡಿದ್ರು. ಅವನು ಮೈಕಿನ ಸ್ವಿಚ್ಚು ಆರಿಸಿ, ಕುರ್ಚಿಯನ್ನ ಮೇಜಿನ ಒಳಗೆ ತಳ್ಳಿ, ದಫೇದಾರರ ಮುಂದೆ ನಡೆದ.

ಸಂಜೆ ಡಿಸ್ಕು ಗುರುತಿಸೋಕೆ ಗಂಡ ಹೆಂಡತಿಯನ್ನ ಠಾಣೆಗೆ ಕರೆಸಿದ್ರು. ಹೆಂಡತಿ ಬೆಂಚಿನ ಮೇಲೆ ಕೂತವನನ್ನ ನೋಡಿ, "ನೀನೇನೋ! ನನ್ನ ಕೈಯೂಟ ಉಂಡವನು!" ಅಂತ ಕೂಗಿ ಅಲ್ಲೇ ಕುಸಿದ್ರು. ದೊಡ್ಡ ಮೈಕಿನವರಿಗೆ ಆಶ್ಚರ್ಯ ಆದ ಹಾಗೆ ಕಾಣಲಿಲ್ಲ.

"ಭಾನುವಾರ ನೀವು ಮಲಗಿದ್ದಿದ್ದು ನಿಜವೇ?" ಅಂತ ಕೇಳಿದ್ರು ಮೇಡಂ.

ಅವರು ಸ್ಲೇಟಲ್ಲಿ ಬರೆದ್ರು: ಕಣ್ಣು ಮುಚ್ಚಿದ್ದೆ, ಎಚ್ಚರ ಇತ್ತು. ತಾನಾಗೇ ತಂದು ಕೊಡ್ತಾನೆ ಅಂದುಕೊಂಡೆ.

"ಮ್ಯಾನೇಜರಿಗೆ ರೆಕಾರ್ಡು ಕೊಡ್ತೀನಿ ಅಂದಿದ್ರಾ?"

ಅವರು ಬಟ್ಟೆಯಿಂದ ಸ್ಲೇಟು ಒರೆಸಿದ್ರು. ತುಂಬಾ ಹೊತ್ತು ಒರೆಸಿದ್ರು. ಬರೆದ್ರು: ಕೊಡಲ್ಲ ಅಂದೆ. ಆ ಕುರ್ಚಿ ಈಗ ಅವನದು.

ಮೇಡಂ ಸ್ಲೇಟನ್ನ ತಗೊಂಡು ಹೋಗಿ ಬೆಂಚಿನ ಮುಂದೆ ಹಿಡಿದ್ರು. ಸಣ್ಣ ಮೈಕು ಓದಿದ. ಸ್ಲೇಟನ್ನ ಕೈಗೆ ಇಸ್ಕೊಂಡು ಮತ್ತೆ ಮೊದಲಿಂದ ಓದಿದ.

ಆ ವಾರ ಮೇಡಂ ವರದಿ ಬರೆದ್ರು. ನಿಲ್ದಾಣದ ಕಂಪ್ಯೂಟರಿನ ದಾಖಲೆಯಲ್ಲಿ ಸೋಮವಾರದಿಂದ ಬುಧವಾರದವರೆಗೂ ಅದೇ ಡಿಸ್ಕಿನ ಅದೇ ಜಾಗವನ್ನ ಓದೋಕಾಗಲಿಲ್ಲ ಅನ್ನೋ ಸಾಲುಗಳು ಸಿಕ್ಕಿದ್ವು, ಸಾಕ್ಷಿಗೆ ಸಾಕಾಯ್ತು. ಕೃತ್ಯದ ಉದ್ದೇಶ ಅನ್ನೋ ಕಡೆ 'ಕೆಲಸ ಹೋಗುವ ಭಯ' ಅಂತ ಬರೆದು ಪೆನ್ನು ನಿಲ್ಲಿಸಿದ್ರು. ಕೇಳಬೇಕಾದ್ದನ್ನ ಕೇಳದೆ ಹೋದವನು ಒಬ್ಬ, ಹೇಳಬೇಕಾದ್ದನ್ನ ಹೇಳದೆ ಕಣ್ಣು ಮುಚ್ಚಿಕೊಂಡವರು ಒಬ್ಬರು. ಅದಕ್ಕೆಲ್ಲ ಕಾಲಮ್ಮಿಲ್ಲ. ಸಹಿ ಹಾಕಿ ಕಳಿಸಿದ್ರು.

ಅವನಿಗೆ ಜಾಮೀನು ಸಿಕ್ತು. ಪ್ರತಿ ಸೋಮವಾರ ಠಾಣೆಗೆ ಬಂದು ಸಹಿ ಹಾಕಬೇಕು. ಲ್ಯಾಬಿನವರು ಹಗಲೆಲ್ಲಾ ಬೆಣ್ಣೆಯಿಂದ ಕೂದಲು ತೆಗೆದು ತೆಗೆದು, ಶುಕ್ರವಾರ ತಪ್ಪಿದ್ರೂ ಮುಂದಿನ ತಿಂಗಳಿಗೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಇಸ್ಕೊಂಡು ಆಸ್ಪತ್ರೆಗೆ ಕೊಟ್ರು. ಉಳಿದದ್ದು ಹೋಯ್ತು. ಅದು ಹೋದದ್ದೇ.

ಅಂಥದೇ ಒಂದು ಸೋಮವಾರ, ಬೆಳಿಗ್ಗೆ ಹತ್ತರ ಸುಮಾರು. ಸಣ್ಣ ಮೈಕು ರಿಜಿಸ್ಟರಿಗೆ ಬಗ್ಗಿದ್ದ. ಜಪ್ತಿ ಮಾಡಿದ ವಸ್ತು ಬಿಡಿಸಿಕೊಳ್ಳೋಕೆ ಕೋರ್ಟಿನ ಆದೇಶ ಹಿಡಿದು ಗಂಡ ಹೆಂಡತಿ ಬಂದ್ರು. ದೊಡ್ಡ ಮೈಕಿನವರ ಕಂಕುಳಲ್ಲಿ ಈಗ ಸ್ಲೇಟಿರಲಿಲ್ಲ, ಪರದೆಯಿರೋ ಒಂದು ಚಪ್ಪಟೆ ಯಂತ್ರ ಇತ್ತು. ಇಬ್ಬರೂ ಎದುರುಬದುರಾದ್ರು. ಹೆಂಡತಿ ಮುಖ ಆ ಕಡೆ ತಿರುಗಿಸಿದ್ರು. ಮೇಡಂ ಒಳಗಿಂದಲೇ ನೋಡಿದ್ರು, ಏಳಲಿಲ್ಲ.

"ಗುರುಗಳೇ ನಾನು ಅವತ್ತು ಕೇಳೋಣ ಅಂತಲೇ ನೀವು ಮಲಗಿದ್ರಿ ಮ್ಯಾನೇಜರು ಹಾಗಂದಿದ್ದಕ್ಕೆ ನನಗೆ ತಲೆ ಕೆಟ್ಟು ಆಮೇಲೆ ಅದು ಬಿದ್ದು ನಾನು..." ಸಣ್ಣ ಮೈಕಿನ ಮಾತು ಒಂದರ ಮೇಲೊಂದು ಬಿದ್ದು, ಬಾಲ ತಲೆ ಗೊತ್ತಾಗದೆ, ಉಸಿರು ಸಿಗದೆ ನಿಂತುಹೋಯ್ತು.

ದೊಡ್ಡ ಮೈಕಿನವರು ಒಂದೇ ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತಿದ್ರು. ಸಮಯ ಹಿಡೀತು. ರೈಟರು ಪೆನ್ನು ಎತ್ತಿ ಹಿಡಿದ. ದಫೇದಾರರು ಬಾಗಿಲಲ್ಲೇ ನಿಂತ್ರು. ಆಮೇಲೆ ಆ ದನಿ ಬಂತು, ಊರಿಗೆಲ್ಲ ಗೊತ್ತಿರೋ ಅದೇ ದನಿ. ಅಲ್ಲಲ್ಲಿ ಸ್ವಲ್ಪ ತಡೆದು, ಹೋದ ಜಾಗಗಳನ್ನ ದಾಟಿಕೊಂಡು, ಆದ್ರೆ ಅವಸರವಿಲ್ಲದೆ.

"ಮೊದಲು ಉಸಿರು ತಗೊಳ್ಳೋ. ಆಮೇಲೆ ಮಾತಾಡು. ನಿನಗೆ ಎಷ್ಟು ಸಲ ಹೇಳಿದ್ದೀನಿ?"

ಸಣ್ಣ ಮೈಕು ಬಾಯಿ ಮುಚ್ಚಿದ. ಎದೆ ತುಂಬ ಒಂದು ಉಸಿರು ಎಳೆದುಕೊಂಡ. ಅವನು ಹೇಳೋದಕ್ಕೆ ಎಲ್ಲರೂ ಕಾದ್ರು.